ನೂರಪ್ಪನ ಬೋಟು

ಡಿಸೆಂಬರ್ ೧೪, ಶನಿವಾರ
ಬಂದರಿನ ವಸತಿಗೃಹ, ಮಹಡಿಯ ಕೋಣೆ

ಪ್ರೀತಿಯ ಅಕ್ಕ,

ನಾನು ಕ್ಷೇಮವಾಗಿ ತಲುಪಿದ್ದೇನೆ, ನೀನು ತುರುಕಿದ ಸ್ವೆಟರ್ ಇನ್ನೂ ಚೀಲದಿಂದ ಹೊರಗೆ ಬಂದಿಲ್ಲ, ಗುಬ್ಬಿ ಸೊರಗಿಲ್ಲ. ಈ ಮೂರನ್ನು ಮೊದಲು ಬರೆಯದಿದ್ದರೆ ನೀನು ಮುಂದಕ್ಕೆ ಓದುವವಳಲ್ಲ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನನ್ನ ಮಾತನ್ನು ಅರ್ಧಕ್ಕೇ ತುಂಡು ಮಾಡುತ್ತೀಯ, ಕಾಗದವನ್ನು ಹಾಗೆ ಮಾಡಲಾರೆ.

ನೀನು ವಹಿಸಿದ ಕೆಲಸ ಮರೆತಿಲ್ಲ. ನಿನ್ನ ಮಗಳು ಗುಬ್ಬಿ ಮದುವೆಯಾದರೆ ಇವನನ್ನೇ ಎಂದು ಹಟ ಹಿಡಿದಿರುವ ಹುಡುಗನನ್ನು ಅವನಿಗೆ ಸುಳಿವು ಕೊಡದೆ ನೋಡಿ ಬರಬೇಕು, ಒಂದು ಐಬಾದರೂ ಹುಡುಕಿ ತರಬೇಕು. ಕುಡಿಯುವವನಾದರೆ ಒಳ್ಳೆಯದು, ಜೂಜಾಡುವವನಾದರೆ ಇನ್ನೂ ಒಳ್ಳೆಯದು. ಅವನ ನಿಜವಾದ ಐಬು ಏನೆಂದು ನಮ್ಮಿಬ್ಬರಿಗೂ ಗೊತ್ತು. ಅವನು ಬೋಟ್ ಓಡಿಸುತ್ತಾನೆ. ಭಾವ ಕಡಲಿಗೆ ಲಾಂಚ್ ತೆಗೆದುಕೊಂಡು ಹೋಗಿ ಹಿಂದಿರುಗದೆ ಇಪ್ಪತ್ತೆರಡು ವರ್ಷವಾಯಿತು. ಎರಡು ವರ್ಷದ ಗುಬ್ಬಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ನೀನು ಕೆರೆ ಸಹ ಇಲ್ಲದ ಊರನ್ನು ಹುಡುಕಿ ಮನೆ ಮಾಡಿದೆ. ಅವಳೋ ನರ್ಸ್ ಕೆಲಸ ಸಿಕ್ಕಿತೆಂದು ನೆಟ್ಟಗೆ ಕಡಲ ದಂಡೆಗೇ ಬಂದು ಕುಳಿತಳು.

ಊರು ಚಿಕ್ಕದು. ಇರುವುದೇ ಒಂದು ಬೀದಿ. ಆ ತುದಿಗೆ ಗುಬ್ಬಿಯ ಆಸ್ಪತ್ರೆ, ಈ ತುದಿಗೆ ದೋಣಿಗಳನ್ನು ಕಟ್ಟಿ ನಿಲ್ಲಿಸುವ ಧಕ್ಕೆ, ನಡುವೆ ಐಸ್ ಕಾರ್ಖಾನೆ, ದೋಣಿ ರಿಪೇರಿಯ ಶೆಡ್ಡು, ಬಲೆ ಹೊಲಿಯುವವರ ಉದ್ದನೆಯ ಕೋಣೆ. ಉಪ್ಪುಗಾಳಿಗೆ ಬಾಗಿಲ ಚಿಲಕಗಳೆಲ್ಲ ತುಕ್ಕು ಹಿಡಿದಿವೆ. ನನ್ನ ಕೋಣೆಯದನ್ನು ತೆಗೆಯಲು ಮೊಣಕಾಲು ಕೊಟ್ಟು ತಳ್ಳಬೇಕು. ಬಲೆ ಕೋಣೆಯಲ್ಲಿ ಹೆಂಗಸರು ನೆಲದ ಮೇಲೆ ಕೂತು, ಕಾಲ್ಬೆರಳಿಗೆ ಬಲೆಯ ಅಂಚು ಸಿಕ್ಕಿಸಿಕೊಂಡು, ಹರಿದಲ್ಲಿ ಗಂಟು ಹಾಕುತ್ತಾರೆ. ಅರ್ಧ ಗಂಟೆ ಕೂತಿದ್ದಕ್ಕೆ ಊರಿನ ಅರ್ಧ ಜನರ ಜಾತಕ ನನ್ನ ಕೈಗೆ ಬಂತು. ಬೋಟಿನ ಹುಡುಗನ ಬಗ್ಗೆ ನಯವಾಗಿ ವಿಚಾರಿಸಿದೆ. ಮೂಲೆಯಲ್ಲಿದ್ದ ಒಬ್ಬರು ತಲೆ ಎತ್ತದೆಯೇ, ಕುಡಿಯುವುದಿಲ್ಲ, ಜೂಜಾಡುವುದಿಲ್ಲ, ಗೊರಕೆ ಮಾತ್ರ ಮನೆ ಹಾರಿಹೋಗುವಂತೆ ಹೊಡೆಯುತ್ತಾನೆ ಎಂದರು. ಎಲ್ಲರೂ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಹಾಗೆ ಹೇಳಿದವರೇ ಹುಡುಗನ ತಾಯಿ. ಗುಬ್ಬಿಯ ಮೂಗು ನನ್ನ ಮುಖದ ಮೇಲೂ ಇದೆ ಎಂಬುದು ನನಗೆ ಮರೆತೇಹೋಗಿತ್ತು. ನಿನ್ನ ಗೂಢಚಾರಿಣಿಯ ಗುಟ್ಟು ಮೊದಲ ದಿನವೇ ರಟ್ಟಾಯಿತು.

ಆದರೂ ಮರುದಿನ ಬೆಳಿಗ್ಗೆ ಏನೂ ಅರಿಯದವಳಂತೆ ಅವನ ಬೋಟ್ ಹತ್ತಿದೆ. ಹನ್ನೊಂದು ಜನ ಪ್ರವಾಸಿಗರಿದ್ದೆವು. ಹುಡುಗ ಎತ್ತರದವನು, ಮಾತು ಕಡಿಮೆ, ತಲೆ ಬಾಚಿದ ಗುರುತಿಲ್ಲ. ಪ್ರತಿಯೊಬ್ಬರ ಲೈಫ್ ಜಾಕೆಟ್ಟಿನ ಪಟ್ಟಿಯನ್ನೂ ತಾನೇ ಎಳೆದು ನೋಡಿದ. ಮೊದಲು ದೀಪಸ್ತಂಭ. ದೂರದಿಂದ ಗಂಭೀರವಾಗಿದ್ದದ್ದು ಹತ್ತಿರ ಹೋದರೆ ಬಣ್ಣ ಕಿತ್ತು, ಕಿಟಕಿಯಲ್ಲಿ ಯಾರದೋ ಅಂಗಿ ಒಣಗುತ್ತಿತ್ತು. ಆಮೇಲೆ ಹಕ್ಕಿಗಳ ಬಂಡೆ. ಸಾವಿರಾರು ಹಕ್ಕಿಗಳು, ನಾತ ಮಾತ್ರ ಹೇಳತೀರದು, ಎಲ್ಲರೂ ಒಂದು ಕೈಯಲ್ಲಿ ಮೂಗು, ಇನ್ನೊಂದರಲ್ಲಿ ಫೋನು ಹಿಡಿದಿದ್ದೆವು. ಆದರೆ ಜನ ಬರುವುದು ಕೊನೆಯದನ್ನು ನೋಡಲು. ನಲವತ್ತು ವರ್ಷದ ಹಿಂದೆ ಬಂಡೆಗಳ ನಡುವೆ ಸಿಕ್ಕಿಕೊಂಡ ಸರಕಿನ ಹಡಗು ಅದು. ಅದರ ಪಕ್ಕಕ್ಕೆ ಹೋಗಲು ಕಿರಿದಾದ ನೀರಿನ ದಾರಿಯಿದೆ. ದಾರಿಯ ಬಾಯಲ್ಲಿ ಒಂದು ಕರಿಬಂಡೆ.

ಆ ಕರಿಬಂಡೆಯ ಹತ್ತಿರ ಅವನು ಎಂಜಿನ್ ತಗ್ಗಿಸಿ, ಗಟ್ಟಿಯಾಗಿ ಒಂದು, ಎರಡು ಎಂದು ಎಣಿಸತೊಡಗಿದ. ನಮ್ಮ ತಲೆ ಎಣಿಸುತ್ತಿದ್ದಾನೆ ಎಂದುಕೊಂಡೆ. ಹನ್ನೊಂದು ದಾಟಿದರೂ ನಿಲ್ಲಿಸದಿದ್ದಾಗ ಪಕ್ಕದಲ್ಲಿದ್ದ ನಿವೃತ್ತ ಮೇಷ್ಟ್ರು ನನ್ನ ಮುಖ ನೋಡಿದರು. ವಿಷಯ ಇಷ್ಟೇ. ನೂರು ಎಣಿಸುವುದರೊಳಗೆ ಬಂಡೆಯ ನೆತ್ತಿಯ ಮೇಲೆ ನೊರೆ ಮೂರಕ್ಕಿಂತ ಹೆಚ್ಚು ಸಲ ಹಾದರೆ ಒಳಗೆ ಹೋಗಬಾರದು. ಹಿಂದಿನ ಕಾಲದ ಬೋಟಿನವರ ಲೆಕ್ಕ ಇದು. ಈಗ ಪಾಲಿಸುವವನು ಇವನೊಬ್ಬನೇ, ಅದಕ್ಕೇ ಧಕ್ಕೆಯವರು ಇವನಿಗೆ ನೂರಪ್ಪ ಎಂದು ಹೆಸರಿಟ್ಟಿದ್ದಾರೆ. ಅರವತ್ತೆಂಟಕ್ಕೆ ನಾಲ್ಕನೆಯ ಸಲ ನೊರೆ ಹಾದುಹೋಯಿತು. ಅವನು ಎಣಿಕೆ ನಿಲ್ಲಿಸಿ ಬೋಟ್ ತಿರುಗಿಸಿದ.

ಮೇಲೆ ನಿರ್ಮಲ ಆಕಾಶ, ಎಳೆ ಬಿಸಿಲು. ಜನ ಬಿಡುತ್ತಾರೆಯೇ? ಮೇಷ್ಟ್ರು ಪಾಠ ಶುರುಮಾಡಿದರು, ಹೊಸ ಜೋಡಿಯೊಂದು ಮುಖ ಊದಿಸಿಕೊಂಡಿತು. ಅಷ್ಟರಲ್ಲಿ ಇನ್ನೊಂದು ಬೋಟು ನಮ್ಮ ಕಣ್ಣೆದುರೇ ಒಳಗೆ ನುಗ್ಗಿತು, ಅದರಲ್ಲಿದ್ದವರು ನಮಗೆ ಕೈ ಬೀಸಿದರು. ಅದನ್ನು ನೋಡಿ ನನಗೂ ತಡೆಯಲಾಗಲಿಲ್ಲ ಅಕ್ಕ. ಬೇರೆ ಬೋಟಿನ ಹುಡುಗರೆಲ್ಲ ಹೋಗುತ್ತಿರುವಾಗ ಗಂಡಸಾಗಿ ಹೆದರುತ್ತೀಯಲ್ಲ, ನಾಚಿಕೆಯಾಗಬೇಕು ಎಂದು ಎಲ್ಲರ ಮುಂದೆ ಅಂದುಬಿಟ್ಟೆ. ಅಂದ ಮರುಗಳಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಅವನು ತಿರುಗಿ ನೋಡಲೂ ಇಲ್ಲ.

“ಚಿಕ್ಕಮ್ಮ, ನೀವು ಬೈದಿದ್ದು ನಾಳೆ ಮರೆತುಹೋಗುತ್ತೆ. ಹಡಗು ನಲವತ್ತು ವರ್ಷದಿಂದ ಅಲ್ಲೇ ಇದೆ, ನಾಳೆನೂ ಇರುತ್ತೆ. ಗಟ್ಟಿಯಾಗಿ ಹಿಡ್ಕೊಂಡು ಕೂತ್ಕೊಳ್ಳಿ” ಎಂದ.

ಬೋಟಿನ ಅಂಚು ಹಿಡಿದು ಕೂತೆ. ನಾನು ಇನ್ನೊಬ್ಬರ ಮಾತು ಕೇಳುವುದು ಎಷ್ಟು ಅಪರೂಪ ಎಂದು ನಿನಗೆ ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದನ್ನೂ ಮುಚ್ಚಿಡುವುದಿಲ್ಲ. ಒಳಗೆ ಹೋದ ಬೋಟು ಏನೂ ಆಗದೆ ವಾಪಸು ಬಂತು. ಧಕ್ಕೆಯಲ್ಲಿ ಅವರು ಇವನನ್ನು ಚೆನ್ನಾಗಿ ಗೇಲಿ ಮಾಡಿದರು. ಇವನೂ ಜೊತೆಗೆ ನಕ್ಕು, ಹಗ್ಗ ಕಟ್ಟಿ, ಎಂಜಿನ್ ಒರೆಸಲು ಕೂತ. ತಿರುಗಿ ಬರುವಾಗ ಅವಮಾನ ಅನ್ನಿಸುವುದಿಲ್ಲವೇ ಎಂದು ಕೇಳಿದೆ. ಮೊದಲ ವರ್ಷ ಅನ್ನಿಸುತ್ತಿತ್ತು, ಈಗ ಹಸಿವು ಮಾತ್ರ ಅನ್ನಿಸುತ್ತದೆ ಎಂದ.

ಗುಬ್ಬಿಯನ್ನು ಆಸ್ಪತ್ರೆಯಲ್ಲೇ ಹಿಡಿದು ಮಾತಾಡಿಸಿದೆ. ನೀನು ಬೇಡವೆಂದರೆ ಅವಳು ನಿನ್ನ ಮಾತು ಮೀರುವುದಿಲ್ಲವಂತೆ, ಇನ್ನೊಬ್ಬನನ್ನು ಮದುವೆಯಾಗುವುದೂ ಇಲ್ಲವಂತೆ. ಅಳಲಿಲ್ಲ. ಟ್ರೇನಲ್ಲಿ ಸಿರಿಂಜು ಜೋಡಿಸುತ್ತಲೇ ಹೇಳಿದಳು. ಅತ್ತಿದ್ದರೆ ನಾನು ಇಷ್ಟು ನಂಬುತ್ತಿರಲಿಲ್ಲ.

ಐಬು ಕೇಳಿದ್ದೆಯಲ್ಲ, ಗೊರಕೆ, ಬಾಚದ ತಲೆ. ಇಷ್ಟೇ ಸಿಕ್ಕಿದ್ದು. ನನ್ನ ಕೇಳಿದರೆ, ಒಪ್ಪಿಕೋ.

ನಿನ್ನ
ಬಾಯಿಬಡುಕಿ ತಂಗಿ

ಮತ್ತೆ: ಲಕೋಟೆ ಅಂಟಿಸಿದ್ದೆ, ಕಿತ್ತು ತೆಗೆದೆ. ಭಾವ ಹೋದ ದಿನ ಅವರ ಊಟದ ಡಬ್ಬಿಯನ್ನು ನೀನು ನನ್ನ ಕೈಯಲ್ಲಿ ಆಗಿನ ನಮ್ಮೂರ ಧಕ್ಕೆಗೆ ಕಳಿಸಿದ್ದೆ. ಕೊನೆಗೆ ಏನಂದರು ಎಂದು ನೀನು ಎಷ್ಟೋ ಸಲ ಕೇಳಿದೆ. ಡಬ್ಬಿ ತೆಗೆದುಕೊಂಡು ಹೊರಟರು ಎಂದಷ್ಟೇ ನಾನು ಹೇಳುತ್ತ ಬಂದೆ. ಅವರು ಹೊರಟಿರಲಿಲ್ಲ ಅಕ್ಕ. ಬಿಚ್ಚಿದ ಹಗ್ಗವನ್ನು ಮತ್ತೆ ಕಟ್ಟುತ್ತಿದ್ದರು. “ಇವತ್ತು ನೀರು ಸರಿಯಿಲ್ಲ, ಡಬ್ಬಿ ವಾಪಸ್ ತಗೊಂಡು ಹೋಗು, ಮನೆಗೇ ಬಂದು ಊಟ ಮಾಡ್ತೀನಿ” ಎಂದರು. ನನಗೆ ಹತ್ತೊಂಬತ್ತು. ಉಳಿದ ಲಾಂಚಿನವರಿಗೆಲ್ಲ ಕೇಳುವಂತೆ, “ಏನ್ ಭಾವ, ಅಕ್ಕನ ಸೆರಗು ಬಿಟ್ಟು ಹೋಗೋಕೆ ಹೆದರಿಕೆನಾ?” ಅಂದೆ. ಎಲ್ಲರೂ ನಕ್ಕರು. ಭಾವನೂ ನಕ್ಕರು, ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡು ಹಗ್ಗ ಬಿಚ್ಚಿದರು.

ಇಷ್ಟು ವರ್ಷ ನೀನು ಕಡಲಿನ ಮೇಲೆ ಕೋಪ ಇಟ್ಟುಕೊಂಡೆ, ನಾನು ನೋಡಿಕೊಂಡು ಸುಮ್ಮನಿದ್ದೆ. ಇನ್ನು ಅದು ನನ್ನ ಮೇಲಿರಲಿ. ನನಗೆ ನೀನು ಉತ್ತರ ಬರೆಯದಿದ್ದರೂ ಸರಿಯೇ, ಗುಬ್ಬಿಗೆ ಮಾತ್ರ ಹೂಂ ಎಂದು ಬರೆ.