ನೂರು ಕಮ್ಮಿ ಮೇಸ್ತ್ರಿಗೆ

ಮಾವ,

ಇಲ್ಲ, ಅದನ್ನು ಮಾತ್ರ ನಾನು ಒಪ್ಪುವುದಿಲ್ಲ. ಹೆದರಿ ಬಾಯಿ ಮುಚ್ಚಿಕೊಂಡೆ ಅಂತ ನೀನು ಅಂದುಕೊಂಡಿದ್ದರೆ ಅದು ಸುಳ್ಳು. ಬಾಯಿಬಿಟ್ಟು ನೀನು ಹಾಗೆ ಅನ್ನಲಿಲ್ಲ, ಗೊತ್ತು. ಸಾಯುವವರೆಗೂ ಅನ್ನಲಿಲ್ಲ. ಆದರೆ ಹನೂರಿನ ಆ ಮದುವೆ ಹಾಲಿನ ನೆಲದ ಮೇಲೆ ಕೂತು ಒಂದು ಸಲ ನನ್ನ ಕಡೆ ನೋಡಿದೆಯಲ್ಲ, ಅದರ ಬದಲು ಎರಡು ಬಿಗಿದಿದ್ದರೆ ವಾಸಿಯಿತ್ತು. ಮೊದಲು ಬಾಯಿ ಹಾಕಿದವನು ನೀನು. ಎಲ್ಲರ ಎದುರು ತಪ್ಪು ನಿನ್ನದೇ ಅಂತ ನೀನೇ ಅಂದಮೇಲೆ ನಾನೇನು ಮಾಡಬೇಕಿತ್ತು? ಮೇಸ್ತ್ರಿ ಮಾತಿಗೆ ಅಡ್ಡ ಮಾತಾಡಬೇಕಿತ್ತಾ?

ಸರಿ. ಹೆದರಿದ್ದೆ. ಬರೆದಾಯ್ತು. ಸಾಕಾ?

ಒಂಬತ್ತನೇ ಕ್ಲಾಸು ಬಿಟ್ಟು ಬಂದ ದಿನ ನೀನು ನಮ್ಮ ಕೊಳ್ಳೇಗಾಲದ ಮನೆಯ ಅಡುಗೆಕೋಣೆಗೆ ಟೈಲ್ಸ್ ಹಾಕುತ್ತಿದ್ದೆ. ಮಗ್ಗಿ ತಪ್ಪಿದ್ದಕ್ಕೆ ಮೇಷ್ಟ್ರು ಇಡೀ ಕ್ಲಾಸಿನ ಎದುರು ‘ಇವನ ತಲೇಲಿ ಬರೀ ಮರಳು’ ಅಂದಿದ್ದರು. ನಾನು ಬ್ಯಾಗನ್ನು ಅಲ್ಲೇ ಎಸೆದು ಬಂದಿದ್ದೆ. ಅವ್ವ ಅಳುತ್ತಾ ಬೈಯುತ್ತಿದ್ದಳು: “ಓದ್ದೆ ಇನ್ನೇನ್ಲಾ ಮಾಡೀಯ, ಕತ್ತೆ ಕಾಯ್ತೀಯಾ?” ನೀನು ತಲೆ ಎತ್ತದೆ, “ಈಗ ಕತ್ತೆ ಎಲ್ಲವಕ್ಕ? ಟೈಲ್ಸ್ ಎತ್ಲಿ ಬುಡು,” ಅಂದೆ. ಅಳುತ್ತಿದ್ದ ನಿನ್ನಕ್ಕ ನಕ್ಕೇ ಬಿಟ್ಟಳು. ಆಮೇಲೆ ನನ್ನನ್ನು ಹತ್ತಿರ ಕೂರಿಸಿಕೊಂಡೆ.

“ಮಗ್ಗಿ ಬರಕಿಲ್ವಾ?”

“ಬರಕಿಲ್ಲ.”

“ಎಣ್ಸಕೆ?”

“ಬತ್ತದೆ.”

“ಅಷ್ಟು ಸಾಕು ಕಣ್ಲಾ ಮಾದೇಸ.”

ಟೈಲಿನ ಬೆನ್ನಿಗೆ ಸೀಮೆಸುಣ್ಣದಲ್ಲಿ ಓರೆಯಾಗಿ ಒಂದು ಗೆರೆ ಎಳೆದೆ, ಸ್ವಲ್ಪ ಜಾಗ ಬಿಟ್ಟು ಎರಡು ಗೆರೆ. ಅದು ಹನ್ನೆರಡು ಅಂದೆ. ಅವನ್ನೆಲ್ಲ ಕತ್ತರಿಸುವ ಹಾಗೆ ಇನ್ನೊಂದು ಕಡೆಯಿಂದ ಒಂದು ಗೆರೆ, ಜಾಗ ಬಿಟ್ಟು ಮೂರು. ಅದು ಹದಿಮೂರು. ಗೆರೆಗೆ ಗೆರೆ ಕೂಡಿದಲ್ಲೆಲ್ಲ ನನ್ನ ಬೆರಳು ಹಿಡಿದು ಒತ್ತಿಸಿದೆ. ಎಡಗಡೆ ಒಂದೇ ಕೂಡು. ನಡುವೆ ಮೇಲೆ ಮೂರು, ಕೆಳಗೆ ಎರಡು, ಸೇರಿ ಐದು. ಬಲಗಡೆ ಆರು. ಒಂದು, ಐದು, ಆರು. ನೂರ ಐವತ್ತಾರು. ಮಗ್ಗಿ ಇಲ್ಲ, ಕೋಲು ಇಲ್ಲ, ಯಾರೂ ನಗಲಿಲ್ಲ. ನಾನು ನಂಬಲಿಲ್ಲ ಮಾವ. ಕೆಲಸ ಮುಗಿದ ಮಾರನೇ ದಿನ ಅಡುಗೆಕೋಣೆಯಲ್ಲಿ ಮಂಡಿಯೂರಿ ಟೈಲ್ಸನ್ನು ಒಂದೊಂದಾಗಿ ಎಣಿಸಿದೆ. ನೂರ ಐವತ್ತಾರೇ ಇತ್ತು. ಇದು ನಿನಗೆ ಗೊತ್ತಾ? ಹೇಳಿರಲಿಲ್ಲ.

ಅಗರದ ಒಂದು ಮನೆಯಲ್ಲಿ ಟೈಲ್ಸ್ ಸಂದಿಗೆ ಗ್ರೌಟಿಂಗ್ ತುಂಬುತ್ತಾ ಕೇಳಿದ್ದೆ, ಇದನ್ನು ಯಾರು ಕಲಿಸಿದ್ದು ಅಂತ. ಸತ್ಯಮಂಗಲದ ಕಡೆ ಕೆಲಸಕ್ಕೆ ಹೋದಾಗ ಜೊತೆಯಲ್ಲಿದ್ದ ತಮಿಳಿನವನೊಬ್ಬ ಸಿಮೆಂಟ್ ಚೀಲದ ಮೇಲೆ ಎಳೆದು ತೋರಿಸಿದ ಅಂದೆ. ಅವನಿಗೆ ಕನ್ನಡ ಬಾರದು, ಆಗ ನಿನಗೆ ತಮಿಳು ಬಾರದು. “ಗೆರೆಗೆ ಯಾವ ಬಾಸೆ ಬೇಕ್ಲಾ?” ಅಂದಿದ್ದೆ. ದೊಡ್ಡ ಲೆಕ್ಕದ ಗುಟ್ಟನ್ನೂ ಅವತ್ತೇ ಹೇಳಿಕೊಟ್ಟೆ: “ಬಲಗಡೆಯಿಂದ ಬರ್ಬೇಕು. ಒಂದು ಗುಂಪ್ನಲ್ಲಿ ಅತ್ತು ತುಂಬುದ್ರೆ ಅಲ್ಲಿಂದ ಒಬ್ಬ ಪಕ್ಕದ್ ಮನಗೆ ಓಗ್ಬೇಕು. ಅವ್ನ ಮರ್ತ್ಯೋ, ಕೆಟ್ಟೆ.”

ಮರೆತೆ.

ಹನೂರಿನ ಆ ಮದುವೆ ಹಾಲು ಉದ್ದಕ್ಕೆ ಮೂವತ್ತನಾಲ್ಕು ಟೈಲ್ಸ್, ಅಗಲಕ್ಕೆ ಇಪ್ಪತ್ತಮೂರು. ನೀನು ಸಿಮೆಂಟ್ ನೆಲದ ಮೇಲೆ ಮಾರುದ್ದದ ಗೆರೆಗಳನ್ನು ಎಳೆದೆ. ಅಷ್ಟರಲ್ಲಿ ಯಜಮಾನರು ಮೆಟ್ಟಿಲ ಅಳತೆ ತೋರಿಸಲು ಕರೆದರು. “ಎಣ್ಸಿ ಚೀಟಿಗೆ ಬರ್ಕೊಡ್ಲಾ, ಅಂಗ್ಡಿಯೋರ್ಗೆ ಕಳುಸ್ಬೇಕು,” ಅಂತ ಸೀಮೆಸುಣ್ಣವನ್ನು ನನ್ನ ಕೈಗಿಟ್ಟು ಹೋದೆ. ಮೊದಲ ಸಲ ಇಡೀ ಲೆಕ್ಕ ನನ್ನೊಬ್ಬನ ಮೇಲೆ ಬಿಟ್ಟಿದ್ದು. ಬಲಗಡೆ ಹನ್ನೆರಡು ಕೂಡು. ಎರಡು ಬರೆದೆ, ಒಂದನ್ನು ಪಕ್ಕಕ್ಕೆ ಕಳಿಸಿದೆ. ನಡುವೆ ಎಂಟು ಮತ್ತೆ ಒಂಬತ್ತು, ಹದಿನೇಳು. ಬಂದ ಒಂದು ಸೇರಿ ಹದಿನೆಂಟು. ಎಂಟು ಬರೆದೆ. ಪ್ಲಾಸ್ಟರಿಂಗ್ ಹುಡುಗರು ಹಿಂದೆ ನಿಂತು, “ಏನ್ ಬಾಸು, ರಂಗೋಲಿ ಬುಡ್ತಾವ್ರೆ!” ಅಂದರು. ತಿರುಗಿ ಬೈದೆ. ಬೈದು ಮುಗಿಸಿ ಎಡಗಡೆಯ ಆರನ್ನು ಹಾಗೇ ಬರೆದೆ. ಏಳಾಗಬೇಕಿತ್ತು. ಏಳುನೂರ ಎಂಬತ್ತೆರಡರ ಜಾಗದಲ್ಲಿ ಆರುನೂರ ಎಂಬತ್ತೆರಡು. ಕೋಪದಲ್ಲಿ ಒಂದು ನುಂಗಿದೆ, ನೂರು ಹೋಯಿತು.

ನೀನು ಬಂದು ಚೀಟಿ ನೋಡಿದೆ. ಮತ್ತೆ ಎಣಿಸಲಿಲ್ಲ. ಯಾಕೆ ಎಣಿಸಲಿಲ್ಲ ಮಾವ? ಅಷ್ಟು ನಂಬುತ್ತಾರಾ ಯಾರಾದರೂ, ಅದೂ ನನ್ನಂಥವನನ್ನ?

ಇಪ್ಪತ್ತನೇ ಸಾಲು ಮುಗಿಯುವ ಹೊತ್ತಿಗೆ ಪೆಟ್ಟಿಗೆಗಳು ಖಾಲಿ. ಒಡೆದು ಹೋದರೆ ಇರಲಿ ಅಂತ ತರಿಸಿದ್ದ ಹೆಚ್ಚಿನವೂ ಮುಗಿದಿದ್ದವು. ಸ್ಟೇಜಿನ ಮುಂದೆ ಮೂರು ಸಾಲು ಬರೀ ಸಿಮೆಂಟು. ಅಂಗಡಿಗೆ ಫೋನ್ ಮಾಡಿದರೆ ಆ ಲಾಟು ಮುಗಿದಿದೆ, ಹೊಸ ಲಾಟಿನ ಬಣ್ಣ ಒಂಚೂರು ಬೇರೆ ಅಂದರು. ನೀನು ಹೊಸ ನೆಲದ ಮೇಲೆಯೇ ಕೂತು ಮತ್ತೆ ಗೆರೆ ಎಳೆದೆ. ಎರಡು, ಮೂರು. ಮೂರು, ನಾಲ್ಕು. ತುಟಿ ಅಲ್ಲಾಡಿಸುತ್ತಾ ಎಣಿಸಿದೆ. ಎಡಗಡೆಯ ಆರರ ಹತ್ತಿರ ಬೆರಳು ನಿಂತಿತು. ಆಗಲೇ ನೀನು ನನ್ನ ಕಡೆ ನೋಡಿದ್ದು. ಆಮೇಲೆ ಒದ್ದೆ ಬಟ್ಟೆ ತೆಗೆದುಕೊಂಡು ಎಲ್ಲವನ್ನೂ ಒರೆಸಿಬಿಟ್ಟೆ.

ಯಜಮಾನರು ಬಂದರು. ನೀನು ಎದ್ದು ನಿಂತು, “ನಂದೇ ತಪ್ಪು ಸಾ. ಎಣ್ಸದ್ರಲ್ಲಿ ತಪ್ತು,” ಅಂದೆ. “ಕೈಲಿ ಫೋನ್ ಮಡಿಕಂಡು ನೆಲ್ದಲ್ಲಿ ಗೆರೆ ಎಳೀತೀರಲ್ರಯ್ಯ, ನಿಮ್ಗೆ ಕೆಲ್ಸ ಕೊಟ್ಟೋನು ನಾನು ದಡ್ಡ,” ಅಂದರು ಅವರು. ಪ್ಲಾಸ್ಟರಿಂಗ್ ಹುಡುಗರು ಕಿಸಕ್ಕಂತ ನಕ್ಕರು. ನಾನು ಟೈಲ್ಸ್ ಕಟಿಂಗ್ ಮೆಷಿನ್ ಆನ್ ಮಾಡಿಕೊಂಡು ನಿಂತಿದ್ದೆ. ಕತ್ತರಿಸೋಕೆ ಏನೂ ಇರಲಿಲ್ಲ. ಆ ಸದ್ದಿನಲ್ಲಿ ಏನೂ ಕೇಳಿಸದಿರಲಿ ಅಂತ...

ಒಂದು ವಾರದಲ್ಲಿ ಮಾತು ಕೊಳ್ಳೇಗಾಲಕ್ಕೆ ಬಂತು. ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ನೀನು ಕಂಡರೆ ಸಾಕು, “ಬಂದ್ರು ನೋಡು ನೂರ್ ಕಮ್ಮಿ ಮೇಸ್ತ್ರಿ!” ನೀನೂ ನಗುತ್ತಿದ್ದೆ. “ನೂರ್ ತಾನೆ, ಸಾವ್ರ ಅಲ್ವಲ್ಲ ಬುಡ್ರಪ್ಪ,” ಅನ್ನುತ್ತಿದ್ದೆ. ನಗೋಕೆ ನಿನಗೆ ಹೇಗೆ ಆಗುತ್ತಿತ್ತು? ಕುಂತೂರಿನಲ್ಲಿ ಒಂದು ಮನೆಯ ಅಳತೆಗೆ ಹೋದಾಗ ನಾನು ಸೀಮೆಸುಣ್ಣ ಕೊಟ್ಟೆ. ನೀನು ತೆಗೆದುಕೊಳ್ಳಲಿಲ್ಲ. “ಫೋನಲ್ಲೇ ಒತ್ಲಾ,” ಅಂದೆ. ಆಮೇಲೆ ಒಂದೇ ಒಂದು ಗೆರೆಯನ್ನೂ ಎಳೆಯಲಿಲ್ಲ. ಅವತ್ತು ಹೇಳಬೇಕಿತ್ತು. ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಬಸ್ಸು ತೆವಳುತ್ತಾ ಬರುವಾಗ, ನೀನು ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದಾಗ, ಹೇಳಲು ಹೊರಟಿದ್ದೆ. ನಾಳೆ ಹೇಳಿದರಾಯಿತು ಅಂದುಕೊಂಡೆ. ಎದೆನೋವು ಅಂತ ನೀನು ಆಸ್ಪತ್ರೆಗೆ ಹೋದಾಗಲೂ ಹಾಗೇ ಅಂದುಕೊಂಡೆ. ನೀನು ವಾಪಸ್ಸು ಬರಲಿಲ್ಲ. ಗೊತ್ತಾಗಬೇಡವಾ ಮನುಷ್ಯನಿಗೆ?

ನಿನ್ನೆ ಅತ್ತೆಯ ಮುಂದೆ ಕೂತು ಎಲ್ಲ ಹೇಳಿದೆ. ನೀನು ಹೋಗಿ ಐದು ತಿಂಗಳಾದ ಮೇಲೆ ಧೈರ್ಯ ಬಂತು. ಅತ್ತೆ ಅವರೆಕಾಯಿ ಸುಲಿಯುತ್ತಿದ್ದಳು. ಕೈ ನಿಲ್ಲಿಸಲೇ ಇಲ್ಲ.

“ನಂಗೊತ್ತು ಕಣಪ್ಪ. ಅವತ್ತೇ ಬಂದು ಯೋಳುದ್ರು.”

“ಏನಂದ್ರು?”

“ಸ್ಕೂಲಲ್ಲಿ ಲೆಕ್ಕ ಬರಕಿಲ್ಲ ಅನ್ನುಸ್ಕಂಡು ಬಂದ ಮಗ. ಇಲ್ಲೂ ಅನ್ನುಸ್ಕಂಡ್ರೆ ಇನ್ನೆಲ್ಲಿಗ್ ಓಯ್ತನೆ, ಅಂದ್ರು.”

ನಾನು ಎದ್ದು ಹಿತ್ತಿಲಿಗೆ ಹೋಗಿ ಗೋಡೆಗೆ ಗುದ್ದಿದೆ. ಕೈ ಊದಿದೆ, ಅಕ್ಷರ ಸೊಟ್ಟ ಬರುತ್ತಿರುವುದು ಅದಕ್ಕೇ. ಯಾರು ಕೇಳಿದ್ದು ನಿನ್ನನ್ನ? ನನ್ನ ಮಾನ ಕಾಯೋಕೆ ನಿನ್ನ ಗೆರೆಗಳನ್ನು ಯಾಕೆ ಬಿಟ್ಟುಕೊಟ್ಟೆ? ಅಷ್ಟು ವರ್ಷ ಒಂದು ಟೈಲೂ ಹೆಚ್ಚುಕಮ್ಮಿ ಆಗದ ಲೆಕ್ಕ ಅದು. ಗೆರೆ ತಪ್ಪಲಿಲ್ಲ, ನಾನು ತಪ್ಪಿದೆ. ಅದನ್ನಾದರೂ ಹೇಳಬಾರದಿತ್ತಾ? ಎರಡು ಬೈದಿದ್ದರೆ ನಾನು ಎರಡು ದಿನ ಮುಖ ಊದಿಸಿಕೊಂಡು, ಮೂರನೇ ದಿನ ನಿನ್ನ ಹಿಂದೆಯೇ ಬರುತ್ತಿದ್ದೆ. ನಿನಗೆ ಇಷ್ಟೂ ಗೊತ್ತಿರಲಿಲ್ಲವಾ, ನಾನು ಎಲ್ಲಿಗೂ ಹೋಗುವವನಲ್ಲ ಅಂತ?

ಇವತ್ತು ಬೆಳಿಗ್ಗೆ ಹನೂರಿನ ಯಜಮಾನರ ಫೋನ್ ಬಂತು. ಮದುವೆ ಹಾಲಿನ ಮೇಲೆ ಊಟದ ಮನೆ ಕಟ್ಟಿಸಿದ್ದಾರಂತೆ, ನೆಲ ನಾನೇ ಮಾಡಬೇಕಂತೆ. “ಕೆಲ್ಸ ನೀಟಾಗ್ ಮಾಡ್ತೀಯ ಕಣಪ್ಪ. ನಿಮ್ ಮಾವನ್ ತರ ಗೆರೆ ಗಿರೆ ಎಳೀಬ್ಯಾಡ, ಅಷ್ಟೆ,” ಅಂದು ನಕ್ಕರು. ಹಿಂದೆ ಇನ್ಯಾರೋ ನಕ್ಕಿದ್ದೂ ಕೇಳಿಸಿತು. ನಾನು ನಗಲಿಲ್ಲ. ಬರ್ತೀನಿ ಸಾ, ಅಂದೆ.

ಹೋಗುತ್ತೇನೆ. ಮೊದಲು ಕೆಳಗಿನ ಹಾಲಿಗೆ. ಬಣ್ಣ ಬೇರೆಯಾದ ಆ ಮೂರು ಸಾಲಿನ ಮೇಲೆಯೇ, ಅಲ್ಲಿ ಯಾರು ಯಾರಿದ್ದಾರೋ ಅವರೆಲ್ಲರನ್ನೂ ಕರೆದು ನಿಲ್ಲಿಸಿ, ಗೆರೆ ಎಳೆಯುತ್ತೇನೆ. ಎರಡು, ಮೂರು. ಮೂರು, ನಾಲ್ಕು. ಕೂಡುಗಳನ್ನು ಅವರೇ ಎಣಿಸುವ ಹಾಗೆ ಮಾಡುತ್ತೇನೆ. ಏಳುನೂರ ಎಂಬತ್ತೆರಡು ಬಂದಮೇಲೆ ಹೇಳುತ್ತೇನೆ, ಅವತ್ತು ಒಂದನ್ನು ಬಿಟ್ಟವನು ನಾನು, ಮಾದೇಶ, ನಮ್ಮ ಮಾವ ಅಲ್ಲ ಅಂತ. ಮೇಲಿನ ಕೆಲಸ ಕೊಟ್ಟರೆ ಕೊಡಲಿ, ಕೊಡದಿದ್ದರೆ ಬೇಡ. ಟೀ ಅಂಗಡಿಯವರಿಗೂ ಹೇಳುತ್ತೇನೆ. ಇನ್ನುಮೇಲೆ ಆ ಹೆಸರಿಂದ ಕರೆಯುವುದಾದರೆ ನನ್ನನ್ನು ಕರೆಯಲಿ. ತಿರುಗಿ ಬೈಯುವುದಿಲ್ಲ. ಬೈಯದಿರಲು ನೋಡುತ್ತೇನೆ, ಅಷ್ಟು ಮಾತ್ರ ಮಾತು ಕೊಡಬಲ್ಲೆ.

ಅವ್ವ ಹೊರಗಿಂದ ಕೂಗುತ್ತಿದ್ದಾಳೆ: “ಬಸ್ ಓಯ್ತದೆ, ಅದೇನ್ಲಾ ಒಳ್ಗೆ ಬರೀತಾ ಕುಂತಿದ್ದೀಯೆ?” ಅವಳಿಗೆ ಏನು ಹೇಳಲಿ, ಜಗಳ ಆಡುತ್ತಿದ್ದೇನೆ ಅಂತಲಾ?

ನನಗೆ ಕೋಪ ಇಳಿದಿಲ್ಲ ಮಾವ. ನಿನ್ನ ಮೇಲೂ ಇಳಿದಿಲ್ಲ. ಬಾಗಿಲು ಧಡಾರ್ ಅಂತ ಹಾಕಿಕೊಂಡೇ ಹೋಗುತ್ತೇನೆ. ಬೈಯಬೇಕು ಅನ್ನಿಸಿದರೆ ಈಗಲಾದರೂ ಬೈಯಿ.