ಎರಡೂ ಬಲತೋಳು

ರೀ, ಡ್ಯೂಟಿಗೆ ಹೊರಟೆ. ಬಿಪಿ ಮಾತ್ರೆ ಹೊಲಿಗೆ ಮಿಷನ್ ಮೇಲೆ, ದಾರದ ಡಬ್ಬಿ ಪಕ್ಕ ಇಟ್ಟಿದ್ದೀನಿ. ತಿಂಡಿ ತಿಂದು ತಗೊಳ್ಳಿ. "ನನ್ನ ತಲೆ ನೆಟ್ಟಗಿದೆ ಕಣೇ" ಅಂತ ರೇಗಬೇಡಿ. ಬಿಪಿಯಿಂದ ಮಿದುಳಿನ ಸಣ್ಣ ರಕ್ತನಾಳಗಳು ಹಾಳಾಗಿವೆ, ಅದಕ್ಕೇ ಹೀಗೆಲ್ಲ ತಪ್ಪಾಗ್ತಿದೆ ಅಂತ ಡಾಕ್ಟರು ನಿಮ್ಮೆದುರೇ ಹೇಳಿದ್ರಲ್ಲ.

ಮೇಷ್ಟ್ರ ಕೋಟಿಗೆ ಎರಡೂ ಬಲತೋಳೇ ಕತ್ತರಿಸಿದ್ದೀರಿ. ನಲವತ್ತು ವರ್ಷ ಕತ್ತರಿ ಹಿಡಿದ ಕೈ! ಉಳಿದ ಬಟ್ಟೇಲಿ ಎಡತೋಳು ನಾನೇ ಕತ್ತರಿಸಿಟ್ಟಿದ್ದೀನಿ. ನೀವು ಇವತ್ತು ಕತ್ತರಿ ಮುಟ್ಟಬೇಡಿ, ಗುಂಡಿ ಹೊಲಿದರೆ ಸಾಕು.

ಮಾತ್ರೆ ತಗೊಂಡ ಮೇಲೆ ಈ ಚೀಟಿ ಕೆಳಗೆ ಒಂದು ಗೀಟು ಹಾಕಿ. ನಿನ್ನೆ ಚೀಟಿ ಕೆಳಗೆ ನಾಲ್ಕು ಗೀಟಿದ್ದವು. ಮಾತ್ರೆ ಇಟ್ಟಲ್ಲೇ ಇತ್ತು.

ಇನ್ನು ಹೇಗೆ ಬರೆದಿಡಲಿ, ನೀವೇ ಹೇಳಿ.