ಕಾಕಾ, ಮಷೀನು ಫಾರ್ಮ್ಯಾಟ್ ಮಾಡಲಿಲ್ಲ

ಕಾಕಾ,

ನೀನು ಹೋಗಿ ಮೂರು ತಿಂಗಳಾಯಿತು, ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಹೋದವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅಂತ ಅವ್ವ ಹೇಳುತ್ತಾಳೆ. ಅವಳಿಗೇನು, ನಿನ್ನ ಕಂಪ್ಯೂಟರಿನ ಮುಂದೆ ತಲೆ ಚಚ್ಚಿಕೊಂಡವಳು ನಾನು!

ಉಗಾರದ ಅಂಗಡಿಗೆ ನೀನು ಅದನ್ನು ತಂದ ದಿನ ನೆನಪಿದೆಯೇ? ತಂದದ್ದೇನು, ಮಿರಜದಿಂದ ಚೀಲದಲ್ಲಿ ಬಿಡಿ ಸಾಮಾನು ಹೊತ್ತು ತಂದು ಜೋಡಿಸಿದ್ದು. ಪರದೆ ನಡೆಸುವ ಕಾರ್ಡಿನ ಮೇಲಂತೂ ಕಂಪನಿಯ ಹೆಸರೇ ಇರಲಿಲ್ಲ. "ಹೆಸರ ತಗೊಂಡ ಏನ ಮಾಡೂದೈತಿ? ನಡದರ ಸಾಕ," ಅಂತಿದ್ದೆ ನೀನು. ನಡೆಯಿತು ಬಿಡು. ಒಂದು ಬದಿ ಕನ್ನಡ, ಒಂದು ಬದಿ ಮರಾಠಿಯ ಲಗ್ನಪತ್ರಿಕೆಗಳು ಸತ್ತಿ, ಜುಗೂಳ ಊರುಗಳ ತನಕ ಹೋದವು. ಅಕ್ಷರ ಜೋಡಿಸಿದವಳು ನಾನು. ಆದರೂ "ಸುನಂದಿ, ನನ್ನ ಮಷೀನ ಕೆದರಬ್ಯಾಡ, ಟೈಪ್ ಅಷ್ಟ ಮಾಡ!" ನಿನ್ನ ಮಷೀನು. ನಿನ್ನ ನಂತರ ಅಂಗಡಿ ಯಾರದು ಅಂತ ಒಂದು ಮಾತಾದರೂ...

ಹೊಸ ವಿಂಡೋಸಿನ ಸಿಡಿ ಬಂದಾಗ ಎಷ್ಟು ಜಗಳಾಡಿದೆವು! "ಹಳೇದೆಲ್ಲಾ ಅಳಿಸಿ ಫಾರ್ಮ್ಯಾಟ್ ಮಾಡೂಣು ಕಾಕಾ, ಸ್ವಚ್ಛ ಕುಂದರತೈತಿ," ಅಂತ ನಾನು. "ಬ್ಯಾಡ ಬೇ. ಹಳೇದರ ಮ್ಯಾಲೇ ಹಾಕೂಣು," ಅಂತ ನೀನು. ಮೂರು ಸಲ ಹಾಕಿದೆ. ಮೂರೂ ಸಲ ಒಳಗಿನ ಸಾಮಾನು ಗುರುತಿಸುವಾಗ ಅರ್ಧಕ್ಕೇ ನಿಂತಿತು. ನೀನೋ, "ನಿನ್ನ ಕೈಗುಣ" ಅಂದುಬಿಟ್ಟೆ. ಮುಂದಿನ ವಾರ ನೀನೇ ಇಲ್ಲ.

ನಿನ್ನ ದಿನಕರ್ಮಗಳೆಲ್ಲ ಮುಗಿದ ಮೇಲೆ ಫಾರ್ಮ್ಯಾಟ್ ಮಾಡಿಯೇ ಬಿಡೋಣ ಅಂತ ಕೂತೆ. ಹೊಸದಾಗಿ ಹಾಕಿದರೆ ಆ ಹೆಸರಿಲ್ಲದ ಕಾರ್ಡಿಗೆ ಅದನ್ನು ನಡೆಸುವ ಪ್ರೋಗ್ರಾಮಿನ ಫ್ಲಾಪಿ ಬೇಕು. ಅಂಗಡಿಯೆಲ್ಲ ಹುಡುಕಿದೆ. ಕೊನೆಗೆ ಸಿಕ್ಕಿದ್ದು ಮನೆಯ ದೇವರ ಜಗಲಿಯಲ್ಲಿ, ಮೂರ್ತಿಗಳ ಹಿಂದೆ! ದಸರೆಯ ಖಂಡೆ ಪೂಜೆಗೆ ಅಂಗಡಿಯ ಆಯುಧವೆಂದು ಇಟ್ಟವನು ಅಲ್ಲೇ ಬಿಟ್ಟಿದ್ದೆ. ಮೈತುಂಬ ಕುಂಕುಮ, ಭಂಡಾರದ ಅರಿಶಿನಪುಡಿ. ಒಳಗಿನ ತಟ್ಟೆಗೂ ಇಳಿದಿತ್ತು. ಕಂಪ್ಯೂಟರು ಗುರ್ ಎಂದಿತೇ ಹೊರತು ಒಂದಕ್ಷರ ಓದಲಿಲ್ಲ. ಇದ್ದೊಂದು ಫ್ಲಾಪಿಗೆ ಯಾರಾದರೂ ಭಂಡಾರ ಹಚ್ಚುತ್ತಾರೇನು ಕಾಕಾ? ಇನ್ನು ಆ ಕಾರ್ಡಿನ ಪ್ರೋಗ್ರಾಮು ಉಳಿದದ್ದು ಹಳೇ ವಿಂಡೋಸಿನ ಹೊಟ್ಟೆಯಲ್ಲಿ ಮಾತ್ರ. ಅಳಿಸಿದ್ದರೆ ಅದೂ ಹೋಗುತ್ತಿತ್ತು. ನಿನಗೆ ಇದು ಗೊತ್ತಿತ್ತು, ಅಲ್ಲವೇ? ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ಮರುದಿನ, ಒಳಗಿನ ಯಾವುದೋ ಸಾಮಾನೇ ತಡೆಯುತ್ತಿರಬೇಕೆಂದು ಮುಚ್ಚಳ ಬಿಚ್ಚಿ, ನೀನು ಭಜನೆ ಕೇಳಲು ಹಾಕಿಸಿದ್ದ ಸೌಂಡ್ ಕಾರ್ಡು ಕಿತ್ತಿಟ್ಟು, ಹಳೆಯದರ ಮೇಲೆಯೇ ಹಾಕಿದೆ. ಸಲೀಸಾಗಿ ದಾಟಿತು! ಅಡ್ಡಗಾಲು ಹಾಕಿದ್ದು ನಿನ್ನ ಭಜನೆ, ನನ್ನ ಕೈಗುಣವಲ್ಲ.

ಹೊಸದು ಸರಿಯಾಗಿ ಕೂತಿದೆಯೇ ಎಂದು ಮಷೀನಿನ ವಿವರದ ಪುಟ ತೆರೆದೆ. ಅಲ್ಲಿ ಕೆಳಗೆ ಮಾಲೀಕರ ಹೆಸರು ಇರುತ್ತದೆ. ಮೊದಲ ಸಲ ಹಾಕುವಾಗ ಕೇಳಿ ಬರೆಸಿಕೊಂಡದ್ದು, ಮೇಲೆ ಹೊಸದು ಹಾಕಿದರೂ ಅಳಿಯುವುದಿಲ್ಲ. ನಿನ್ನ ಹೆಸರಿರಲಿಲ್ಲ ಕಾಕಾ. ನನ್ನದಿತ್ತು. ಮೊದಲ ದಿನವೇ ಬರೆದಿಟ್ಟು, ಇಷ್ಟು ವರ್ಷ "ನನ್ನ ಮಷೀನ" ಅಂತ ಬೈದೆಯಾ? ಗಿರಾಕಿಗಳ ಎದುರಿಗೇ ಅತ್ತುಬಿಟ್ಟೆ.

ಒಂದಲ್ಲ ಒಂದು ದಿನ ಆ ಕಾರ್ಡು ಬದಲಿಸಿ ಇದನ್ನು ಫಾರ್ಮ್ಯಾಟ್ ಮಾಡಲೇಬೇಕು, ನೀನು ಬೇಡ ಅಂದರೂ. ಆಗ ಅದು ಮತ್ತೆ ಹೆಸರು ಕೇಳುತ್ತದೆ. ನಿನ್ನದು ಬರೆಯುತ್ತೇನೆ. ಬೇಕಾದರೆ ಬಂದು ಬೈ.

ನಿನ್ನ,
ಸುನಂದಿ